ಲಿಂಗಸುಗೂರಿಗೆ ಹೋದ ಪೀಣ್ಯದ ಲೇತ್

೨೦೧೪ರ ಮಾರ್ಚ್ ಒಂದರಂದು ಪೀಣ್ಯ ಇಂಡಸ್ಟ್ರಿಯಿಂದ ಸಂಪಿಗೆ ರಸ್ತೆಯವರೆಗೆ ಮೆಟ್ರೊ ರೈಲು ಸಾರ್ವಜನಿಕರಿಗಾಗಿ ಓಡತೊಡಗಿತು. ಮೊದಲ ಪ್ರಯಾಣಿಕರನ್ನು ಮಾತಾಡಿಸಿ ಬರಲು ಪತ್ರಿಕೆ ನನ್ನನ್ನು ಕಳಿಸಿತ್ತು. ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳನ್ನು ಕಿಟಕಿಯ ಮಟ್ಟಕ್ಕೆ ಎತ್ತಿ ಹಿಡಿದ ತಂದೆಯರು ದೂರದ ಕಟ್ಟಡಗಳನ್ನು ತೋರಿಸುತ್ತಿದ್ದರು. ಒಬ್ಬ ಮಾತ್ರ ಗಾಜಿಗೆ ಹಣೆ ಒತ್ತಿ ನೇರ ಕೆಳಗೆ, ಕಾರ್ಖಾನೆಗಳ ಶೀಟಿನ ಛಾವಣಿಗಳ ಮೇಲೆ ಕಣ್ಣಾಡಿಸುತ್ತಿದ್ದ.

"ಏನು ಹುಡುಕ್ತಿದೀರ?" ಎಂದೆ.

"ನಮ್ಮ ಶೆಡ್ ರೀ ಮೇಡಂ. ಇಷ್ಟು ವರ್ಷ ಒಳಗ ದುಡದೀನಿ, ಮ್ಯಾಲಿಂದ ಹೆಂಗ ಕಾಣ್ತದಂತ ನೋಡೇ ಇಲ್ರಿ. ಎಲ್ಲಾ ಒಂದs ಥರ ಕಾಣಾಕತ್ಯಾವು."

ಅವನ ಹೆಸರು ಶರಣಪ್ಪ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವನು. ಪೀಣ್ಯದ ಪುಟ್ಟಸ್ವಾಮಯ್ಯನವರ ಶೆಡ್ಡಿನಲ್ಲಿ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರಿನ ಆಜ್ಞೆಯಂತೆ ಲೋಹವನ್ನು ಕಡೆಯುವ ಯಂತ್ರ, ನಡೆಸುತ್ತಿದ್ದ. ಮರುದಿನದ ವರದಿಯಲ್ಲಿ ಅವನ ಮಾತಿಗೆ ಒಂದು ಸಾಲು ಸಿಕ್ಕಿತು. ಅದಾದ ಮೇಲೆ ನನ್ನ ಸೇವೆ ಮುಗಿಯುವವರೆಗೂ ನಾನು ಅವನ ಶೆಡ್ಡಿಗೆ ಹೋಗಿಬರುತ್ತಿದ್ದೆ.

ಈಗ ಪತ್ರಿಕೆಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರು ವಿಧಾನಸೌಧ ಬೇಕು, ಹೈಕೋರ್ಟ್ ಬೇಕು ಎನ್ನುತ್ತಾರೆ. ನನಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಹೊರವಲಯ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಬಸ್ಸು ಇಳಿದು ನಡೆಯುವುದೇ ಕೆಲಸದ ಮುಕ್ಕಾಲು ಭಾಗ. ಪೀಣ್ಯದ ಬೀದಿಯಲ್ಲಿ ಕಬ್ಬಿಣದ ಸುರುಳಿ ಚೂರುಗಳು ಚಪ್ಪಲಿಯ ಅಡಿಗೆ ಚುಚ್ಚಿಕೊಂಡು ಮನೆಯ ತನಕ ಬರುತ್ತಿದ್ದವು. ಬೇರೆ ವಿಭಾಗ ಕೇಳುವ ಅವಕಾಶ ಬಂದಾಗಲೂ ನಾನು ಕೇಳಲಿಲ್ಲ. ಒಂದು ರಾಜ್ಯದ ಎಲ್ಲ ಜಿಲ್ಲೆಗಳೂ ಒಂದೇ ಬೀದಿಯ ಟೀ ಅಂಗಡಿಯಲ್ಲಿ ನಿಂತಿರುವುದನ್ನು ಅಲ್ಲಿ ನೋಡಬಹುದಿತ್ತು.

ನಮ್ಮ ಸುದ್ದಿ ಸಂಪಾದಕರು ಮಿತಭಾಷಿ. ಪ್ರತಿ ವರ್ಷ ಬಜೆಟ್ಟಿನ ಹೊತ್ತಿಗೆ ಸರ್ಕಾರದ ಆರ್ಥಿಕ ಸಮೀಕ್ಷೆ ಬರುತ್ತದೆ. ಅದರಲ್ಲಿ ಜಿಲ್ಲೆಗಳ ತಲಾ ಆದಾಯದ ಪಟ್ಟಿ ಇರುತ್ತದೆ. ಮೇಲ್ತುದಿಯಲ್ಲಿ ಬೆಂಗಳೂರು ನಗರ, ಕೆಳತುದಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು. ಸೇರಿದ ಹೊಸತರಲ್ಲಿ ನಾನು ಆ ಪಟ್ಟಿಯನ್ನು ಮುಂದಿಟ್ಟುಕೊಂಡು 'ಹಿಂದುಳಿದ', 'ಬಡ' ಎಂಬ ಪದಗಳನ್ನು ಸುರಿದು ಒಂದು ವರದಿ ಕೊಟ್ಟೆ. ಅವರು ಕೆಂಪು ಶಾಯಿಯಲ್ಲಿ ಎರಡನ್ನೂ ಹೊಡೆದು ಹಾಕಿದರು.

"ಬಡ ಅಂತ ಬರೀಬೇಡಿ. ಅಲ್ಲಿ ಏನಿಲ್ಲ ಅಂತ ಬರೀರಿ. ಏನಿಲ್ಲ ಅನ್ನೋದು ಗೊತ್ತಿಲ್ದಿದ್ರೆ ಗೊತ್ತಾಗೋವರ್ಗೂ ಬರೀಬೇಡಿ."

ಆರ್ಥಿಕ ವರದಿಗಾರಿಕೆಯ ಬಗ್ಗೆ ನನಗೆ ಸಿಕ್ಕ ತರಬೇತಿ ಅಷ್ಟೇ.

ಏನಿಲ್ಲ ಎಂಬುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಒಮ್ಮೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿನ ಹೊರಗೆ ಗಾಜಿನ ಗೋಡೆ ತೊಳೆಯುವವರನ್ನು ಮಾತಾಡಿಸಲು ಹೋಗಿದ್ದೆ. ಹಗ್ಗದಿಂದ ಇಳಿದು ಬಂದವನು ಯಾದಗಿರಿ ಕಡೆಯವನು. ಒಳಗೆ ಕೂತವರ ಬಗ್ಗೆ, ಸಂಬಳದ ಬಗ್ಗೆ ಏನಾದರೂ ಹೇಳಬಹುದು ಎಂದು ಕಾದೆ. ಅವನು ಹೇಳಿದ್ದು ಬೇರೆ: "ಒಳಗ ಬಾಳ ಥಂಡಿ ಇರ್ತದ ಅಕ್ಕಾ. ಗ್ಲಾಸಿಗೆ ಕೈ ಇಟ್ರ ತಿಳೀತದ. ನಮ್ಮ ಕಡೀಗೆ ಬೆನ್ನು ಸುಡ್ತಿರ್ತದ, ಅಂಗೈ ಜುಮ್ ಅಂತದ." ಅದನ್ನು ಹಾಗೆಯೇ ಬರೆದುಕೊಟ್ಟೆ. ಡೆಸ್ಕಿನವರು ಜಾಗವಿಲ್ಲವೆಂದು ಕತ್ತರಿಸಿದರು. ಅಸಮಾನತೆಯ ಬಗ್ಗೆ ನಾನು ದಾಖಲಿಸಿದ ಅತ್ಯಂತ ನಿಖರ ಹೇಳಿಕೆ ಅದು, ಅಚ್ಚಾಗಲಿಲ್ಲ.

ಪೀಣ್ಯದಲ್ಲಿ ಒಂದು ಪದ್ಧತಿ ಇದೆ. ಹೊಸ ಕೆಲಸ ಶುರುವಾದಾಗ ಯಂತ್ರದಿಂದ ಇಳಿದ ಮೊದಲ ತುಂಡನ್ನು 'ಫಸ್ಟ್ ಪೀಸ್' ಎನ್ನುತ್ತಾರೆ. ಅದನ್ನು ಕೂಡಲೇ ಅಳೆಯುವುದಿಲ್ಲ. ಕಡೆದ ಲೋಹ ಬಿಸಿಯಾಗಿರುತ್ತದೆ, ಬಿಸಿ ಲೋಹ ಹಿಗ್ಗಿರುತ್ತದೆ. ತಟ್ಟೆಯಲ್ಲಿಟ್ಟು, ಬೀದಿಗೆ ಬಂದು, ಟೀ ಕುಡಿದು, ಎರಡು ಮಾತಾಡಿ ಒಳಗೆ ಹೋದರೆ ಅದು ತಣಿದಿರುತ್ತದೆ. ಆಮೇಲೆ ಮೈಕ್ರೋಮೀಟರ್ ಎಂಬ ಸೂಕ್ಷ್ಮ ಗೆರೆಗಳ ಅಳತೆ ಉಪಕರಣ ಹಿಡಿದು ಅಳೆದು, ವ್ಯತ್ಯಾಸವಿದ್ದರೆ ಯಂತ್ರಕ್ಕೆ ತಿದ್ದುಪಡಿ ಕೊಡುತ್ತಾರೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಹಿರಿಯನು ಹೊಸಬನಿಗೆ "ಏ, ಟೀ ಕುಡ್ಕಂಬಾ ಮೊದ್ಲು" ಎಂದು ಗದರಿ ಕಲಿಸುತ್ತಾನೆ. ಕೆಲಸಗಾರರ ಸೋಮಾರಿತನದ ಬಗ್ಗೆ ಉದ್ಯಮಿಗಳ ಸಂಘವೊಂದರ ಸಭೆಯಲ್ಲಿ ಭಾಷಣ ಕೇಳಿ ಬಂದ ದಿನವೇ ನನಗೆ ಈ ಪದ್ಧತಿ ತಿಳಿದಿದ್ದರಿಂದ, ಭಾಷಣವನ್ನು ಎರಡು ಪ್ಯಾರಾಕ್ಕೆ ಇಳಿಸಿದೆ.

ಶೆಡ್ಡಿನ ಮಾಲೀಕರಾದ ಪುಟ್ಟಸ್ವಾಮಯ್ಯ ಅಲ್ಲಿನ ಮೂಲ ಊರಿನವರು. ಅವರ ತಂದೆಯ ರಾಗಿ ಹೊಲದ ಮೇಲೆ ಕೈಗಾರಿಕಾ ಪ್ರದೇಶ ಬಂದಿತ್ತು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು, ಉಳಿದ ಚೂರು ಜಾಗದಲ್ಲಿ ಶೆಡ್ ಹಾಕಿದ್ದರು. ಲಾಕ್‌ಡೌನ್ ಮುಗಿದ ಮೇಲೆ ಆರ್ಡರುಗಳು ಮೊದಲಿನಂತೆ ಬರಲಿಲ್ಲ. ಯಂತ್ರಗಳಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿತು. ಅವರ ಮಗ ಶೆಡ್ಡನ್ನು ಕೊರಿಯರ್ ಕಂಪನಿಗೆ ಗೋದಾಮಾಗಿ ಕೊಟ್ಟುಬಿಡೋಣ, ಯಂತ್ರವನ್ನು ಹಳೆ ಮೆಷಿನ್ ವ್ಯಾಪಾರಿಗೆ ಮಾರೋಣ ಎಂದು ಹಟ ಹಿಡಿದಿದ್ದ.

ಲಾಕ್‌ಡೌನಿನಲ್ಲಿ ಊರಿಗೆ ಹೋಗಿದ್ದ ಶರಣಪ್ಪ ಬೇರೊಂದು ವಿಚಾರದೊಂದಿಗೆ ಮರಳಿದ್ದ. ಪುಟ್ಟಸ್ವಾಮಯ್ಯನವರ ಮುಂದೆ ಅವನು ಅದನ್ನು ಹೇಳಿದಾಗ ನಾನು ಅಲ್ಲೇ ಕೂತಿದ್ದೆ.

"ನಮ್ಮೂರಾಗ ಐಟಿಐ ಅದ್ರಿ. ಹುಡುಗೂರ ಹತ್ರ ಸರ್ಟಿಫಿಕೇಟ್ ಅದ. ಮುಟ್ಟಿ ನೋಡಾಕ ಒಂದು ಮೆಷಿನ್ ಇಲ್ರಿ. ಆ ಮೂಲ್ಯಾಗ ನಿಂತದ್ದು ನಂಗ ಕೊಡ್ರಿ. ಕಂಪನಿ ಮಾಲು ಅಲ್ಲೇ ಮಾಡಿ ಕಳಸ್ತೀನಿ."

"ಲೇ, ಅದೇನ್ ಕುರಿನಾ ಒಡ್ಕಂಡ್ ಓಗಕ್ಕೆ?" ಎಂದರು ಪುಟ್ಟಸ್ವಾಮಯ್ಯ. "ಕರೆಂಟೈತಾ ನಿಮ್ಮೂರಾಗೆ?"

"ಐತ್ರಿ. ಹೋಗ್ತದ, ಬರ್ತದ."

"ಇಲ್ಲೂ ಅಂಗೇ ಅಲ್ವೇನ್ಲಾ." ಎದ್ದು ಯಂತ್ರದ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿದರು. "ಮಾರಾಕಿಲ್ಲ. ವಾರಕ್ಕೆ ಕೊಡ್ತೀನಿ. ನಮ್ಮಪ್ಪ ಒಲ ಕೊಡ್ತಿರ್ಲಿಲ್ವಾ, ಅಂಗೆ. ಮೆಷಿನ್ ನಂದು, ಕೈ ನಿಂದು, ಬಂದಿದ್ರಲ್ಲಿ ಪಾಲು. ಆದ್ರೆ ಕಂಪ್ನಿಯೋರು ಮಾಲು ಒಪ್ಕಬೇಕು. ಒಪ್ಲಿಲ್ಲ ಅಂದ್ರೆ ನನ್ ಮಗನ್ ಬಾಯಿ ಮುಚ್ಚಾಕೆ ನಂಗಾಗಾಕಿಲ್ಲ ಕಣಪ್ಪ."

ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಡುವ ಹಳೆಯ ಒಪ್ಪಂದದ ಮೇಲೆ ಕಂಪ್ಯೂಟರ್ ಲೇತ್ ಒಂದು ಪೀಣ್ಯದಿಂದ ಹೊರಟಿತು. ಬಾಯಿಮಾತಿನ ಒಪ್ಪಂದ. ಲಾರಿಗೆ ಏರಿಸುವ ಮೊದಲು ಅದಕ್ಕೆ ಕುಂಕುಮವಿಟ್ಟು ನಿಂಬೆಹಣ್ಣು ಇಟ್ಟರು. ಬಂಡವಾಳ ತಾನಾಗಿ ಬಡ ಪ್ರದೇಶಗಳತ್ತ ಹರಿದು ಆದಾಯಗಳು ನಿಧಾನವಾಗಿ ಸಮೀಪಿಸುತ್ತವೆ ಎಂದು ವಿಚಾರ ಸಂಕಿರಣಗಳಲ್ಲಿ ಕೇಳಿದ್ದೆ. ಅದು ಹರಿಯುವಾಗ ಹಗ್ಗ, ಮರದ ದಿಮ್ಮಿ ಮತ್ತು ಆರು ಜನರ ಭುಜ ಬೇಕಾಗುತ್ತದೆ ಎಂಬುದನ್ನು ಕಂಡಿದ್ದು ಅಂದೇ.

ಶರಣಪ್ಪನ ಹೆಂಡತಿ ಮಹಾದೇವಿ ಜೊತೆಗೆ ಹೋಗಲಿಲ್ಲ. ಅವರು ಪೀಣ್ಯದ ಗಾರ್ಮೆಂಟ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಮಗಳು ರಾಜಗೋಪಾಲನಗರದ ಶಾಲೆಯಲ್ಲಿದ್ದಳು. ಒಂದು ಭಾನುವಾರ ಅವರ ಮನೆಗೆ ಹೋದಾಗ ರೊಟ್ಟಿ ಬಡಿಯುತ್ತಲೇ ಮಾತಾಡಿದರು.

"ಹೋಗ್ರಿ ಅಂದಾಕಿ ನಾನs ರೀ ಅಕ್ಕಾರ. ಆದ್ರ ನಾ ಈ ಖೋಲಿ ಬಿಟ್ಟು, ಕೆಲಸ ಬಿಟ್ಟು, ಹುಡುಗಿ ಸಾಲಿ ಬಿಡಿಸಿ ಹೋದ ಮ್ಯಾಲ ಮಾಲು ವಾಪಸ್ ಬಂತಂದ್ರ? ಮೊದಲು ಅಲ್ಲೀ ಮಾಲು ನಿಲ್ಲಲಿ."

ಲಿಂಗಸುಗೂರಿನಿಂದ ಮೊದಲ ಮಾಲು ಚಳಿಗಾಲದಲ್ಲಿ ಬಂತು. ಬೆಂಗಳೂರಿನ ದೊಡ್ಡನೆಕ್ಕುಂದಿಯ ಕಂಪನಿಯೊಂದಕ್ಕೆ ಬೇಕಾದ ಅಲ್ಯೂಮಿನಿಯಂ ಬುಷ್‌ಗಳು, ಅಂಗೈಯಲ್ಲಿ ಹಿಡಿಯುವ ದಪ್ಪ ಬಳೆಯಂಥವು. ಕೂದಲೆಳೆಯ ಒಂದು ಪಾಲಿನಷ್ಟು ಹೆಚ್ಚುಕಡಿಮೆಯಾದರೂ ನಿರುಪಯುಕ್ತ. ಎಲ್ಲವೂ ಪಾಸಾದವು. ನಾನು ಬರೆದೆ. ಪತ್ರಿಕೆಯ ಆ ಪುಟವನ್ನು ಶರಣಪ್ಪ ಲಿಂಗಸುಗೂರಿನ ಶೆಡ್ಡಿನ ಗೋಡೆಗೆ ಅಂಟಿಸಿ, ಫೋಟೊ ಕಳಿಸಿದ.

ಏಪ್ರಿಲ್ ಕೊನೆಯ ಮಾಲು ತಿರಸ್ಕೃತವಾಯಿತು. ಎಲ್ಲ ಬುಷ್‌ಗಳೂ ಅಳತೆಗಿಂತ ಸಣ್ಣವು. ಅದೇ ಯಂತ್ರ, ಅದೇ ಕೈ, ಅದೇ ಮೈಕ್ರೋಮೀಟರ್.

ಈಗಿನವರಿಗೆ ಒಂದು ಮಾತು. ಆಗ ನಮ್ಮ ಕೆಲಸದ ವಿಧಾನ ಬದಲಾಗಿತ್ತು. ಶೆಡ್ಡಿಗೆ ಹೋಗಿ ನಿಲ್ಲುವ ಬದಲು ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಂಡು ಬರೆಯುತ್ತಿದ್ದೆವು. ಲಿಂಗಸುಗೂರಿನ ಶೆಡ್ಡಿನ ಹತ್ತಾರು ಫೋಟೊಗಳು ನನ್ನ ಬಳಿ ಇದ್ದವು. ಅಲ್ಲಿನ ಸೆಕೆ ಎಷ್ಟೆಂದು ಅವುಗಳಲ್ಲಿ ಕಾಣುವುದಿಲ್ಲ.

ಕಾರಣಗಳು ಮಾತ್ರ ಎಲ್ಲರ ಬಳಿಯೂ ಸಿದ್ಧವಾಗಿದ್ದವು. ಪುಟ್ಟಸ್ವಾಮಯ್ಯನವರ ಮಗ, "ಊರಿಗೆ ಹೋದ್ಮೇಲೆ ಆರಾಮಾಗ್ಬಿಟ್ರು ಮೇಡಂ, ಅಷ್ಟೇ" ಎಂದ. ಡೆಸ್ಕಿನ ಗೆಳೆಯರೊಬ್ಬರು 'ಕೆಲಸದ ಸಂಸ್ಕೃತಿಯ ಕೊರತೆ' ಎಂಬ ಶೀರ್ಷಿಕೆಯನ್ನು ಆಗಲೇ ಹೊಂದಿಸಿಟ್ಟಿದ್ದರು. ಸುದ್ದಿ ಸಂಪಾದಕರು ನಿವೃತ್ತರಾಗಿದ್ದರೂ ಅವರ ಕೆಂಪು ಶಾಯಿ ನನ್ನ ತಲೆಯಲ್ಲಿತ್ತು. ಏನಿಲ್ಲ ಎಂಬುದು ಗೊತ್ತಾಗುವವರೆಗೆ ಬರೆಯುವುದಿಲ್ಲ ಎಂದೆ.

ಕಂಪನಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಅನ್ನಪೂರ್ಣ ಫೋನಿನಲ್ಲಿ ನೇರವಾಗಿ ಹೇಳಿದರು. "ಇನ್ನೊಂದು ಲಾಟ್ ಹೀಗೇ ಬಂದ್ರೆ ಅವರ ಹೆಸರು ನಮ್ಮ ಸಪ್ಲೈಯರ್ ಪಟ್ಟಿಯಿಂದ ಹೋಗುತ್ತೆ. ನಂಗೂ ಮೇಲಿನವರಿದಾರೆ ಮೇಡಂ. ಅವರನ್ನ ಒಂದ್ಸಲ ಬರಕ್ಕೆ ಹೇಳಿ."

ಶರಣಪ್ಪ ತನ್ನ ಬಳಿ ಉಳಿದಿದ್ದ ಕೆಲವು ಬುಷ್‌ಗಳನ್ನೂ ತನ್ನ ಮೈಕ್ರೋಮೀಟರನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದ. ಬೆಳಗ್ಗೆ ನಾನು ಪೀಣ್ಯದ ಶೆಡ್ಡಿಗೆ ಹೋದಾಗ ಬಾಗಿಲಲ್ಲೇ ನಿಂತು ಒಂದು ಬುಷ್ ಅಳೆಯುತ್ತಿದ್ದ. ಅಳೆದ. ಒರೆಸಿದ. ಮತ್ತೆ ಅಳೆದ.

"ನಿನ್ನೆ ಹೊರಡಾಗ ಅಳದು ಸುತ್ತೀನ್ರಿ. ಬರೋಬರಿ ಇತ್ತು. ಈಗ ಒಂದು ಗೆರಿ ಕಮ್ಮಿ ತೋರಿಸಾಕತ್ಯದ. ಬಸ್ಸಿನ್ಯಾಗ ಸಣ್ಣಾತೇನ್ರಿ ಇದು?"

"ನಿದ್ದೆಗಣ್ಣಾಗೆ ನೋಡ್ತಿದೀಯ ಕಣ್ಲಾ. ತತ್ತಾ ಇಲ್ಲಿ," ಎಂದು ಪುಟ್ಟಸ್ವಾಮಯ್ಯ ಕನ್ನಡಕ ಏರಿಸಿ ತಾವೇ ಅಳೆದರು. ಒಂದು ಗೆರೆ ಕಡಿಮೆ. ಇನ್ನೊಂದು ಬುಷ್ ತೆಗೆದರು. ಅದೂ ಕಡಿಮೆ. ಟವೆಲನ್ನು ಕೊಡವಿ ನೋಡಿದರು, ಅದರಲ್ಲಿ ಏನೋ ಉದುರಿರಬಹುದು ಎಂಬಂತೆ.

ನನ್ನ ಕೈಯಲ್ಲೂ ಕೊಟ್ಟರು. ತಣ್ಣಗಿತ್ತು. ಪತ್ರಕರ್ತಳಾಗಿ ನಾನು ಸಾಕಷ್ಟು ಕಂಡಿದ್ದೇನೆ. ಕಾರ್ಖಾನೆಗಳಿಗೆ ಬೆಂಕಿ ಬಿದ್ದದ್ದನ್ನು, ಬೀಗ ಬಿದ್ದದ್ದನ್ನು, ಕೆರೆಯೊಂದು ನೊರೆಯೆದ್ದು ರಸ್ತೆಗೆ ಬಂದದ್ದನ್ನು ವರದಿ ಮಾಡಿದ್ದೇನೆ. ಯಾರೂ ಮುಟ್ಟದ ಲೋಹದ ತುಂಡೊಂದು ಬಟ್ಟೆಯೊಳಗೆ ತಾನೇ ಕುಗ್ಗಿ ಬಂದದ್ದನ್ನು ಅಂಗೈಯಲ್ಲಿ ಹಿಡಿದು ನಿಂತಾಗ ಆದಂಥ ಬೆರಗು ಬೇರೆಲ್ಲೂ ಆಗಲಿಲ್ಲ.

ಮೂವರೂ ದೊಡ್ಡನೆಕ್ಕುಂದಿಗೆ ಹೋದೆವು. ಅನ್ನಪೂರ್ಣ ತಮ್ಮ ಅಳತೆಯ ಕೋಣೆಗೆ ಕರೆದೊಯ್ದರು. ವರ್ಷವಿಡೀ ಇಪ್ಪತ್ತು ಡಿಗ್ರಿಯಲ್ಲೇ ಇರುವ ಕೋಣೆ. ಪುಟ್ಟಸ್ವಾಮಯ್ಯ ಶಾಲನ್ನು ಕಿವಿಗೆ ಎಳೆದುಕೊಂಡರು. ಬಸ್ಸಿನ ಕಥೆ ಕೇಳಿದ ಅನ್ನಪೂರ್ಣ ಮೊದಲು ನಕ್ಕರು, ನಂತರ ನಗು ನಿಲ್ಲಿಸಿದರು.

"ಶರಣಪ್ಪ, ಫಸ್ಟ್ ಪೀಸ್ ತೆಗೆದ್ಮೇಲೆ ಏನ್ ಮಾಡ್ತೀರಾ?"

"ತಟ್ಟಿಯಾಗ ಇಟ್ಟು ಚಾ ಕುಡೀತೀನ್ರಿ. ಆಮ್ಯಾಲ ಅಳೀತೀನಿ. ಇಲ್ಲಿ ಮಾಡಿದಂಗs."

"ಅಲ್ಲಿ ಈಗ ಶೆಡ್ ಒಳಗೆ ಹೇಗಿದೆ?"

"ಅದೇನ್ ಕೇಳ್ತೀರಿ ಬಿಡ್ರಿ. ಶೀಟಿನ ಕೆಳಗ ಕೆಂಡ. ಚಾ ಕೆಳಗಿಟ್ರ ಚಾನೂ ಆರಂಗಿಲ್ರಿ."

ಹೇಳಿದವನು ತನ್ನ ಮಾತು ತಾನೇ ಕೇಳಿಸಿಕೊಂಡು ಕೈಯಲ್ಲಿದ್ದ ಬುಷ್ ನೋಡಿದ.

ಅನ್ನಪೂರ್ಣ ಕುರ್ಚಿ ಎಳೆದು ಕೂತರು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಮೈಕ್ರೋಮೀಟರ್ ಉಕ್ಕಿನದು. ಲಿಂಗಸುಗೂರಿನ ಬೇಸಿಗೆಯಲ್ಲಿ ಎರಡೂ ಕಾದಿರುತ್ತವೆ, ಆದರೆ ಬುಷ್ ಹೆಚ್ಚು ಹಿಗ್ಗಿರುತ್ತದೆ. ಅಲ್ಲಿ ಸರಿಯಾಗಿ ಕಂಡದ್ದು ಇಲ್ಲಿಗೆ ಬಂದು ತಣಿದಾಗ ಸಣ್ಣದಾಗುತ್ತದೆ. ಚಳಿಗಾಲದ ಮಾಲಿಗೆ ಆ ಸೆಕೆ ಇರಲಿಲ್ಲ. "ಅಳತೆ ಇಪ್ಪತ್ತು ಡಿಗ್ರಿಲೇ ನೋಡ್ಬೇಕು ಅಂತ ನಾವೂ ಓದಿರ್ತೀವಿ. ಆದ್ರೆ ಪೀಣ್ಯದ ಮಾಲಲ್ಲಿ ಇದು ಯಾವತ್ತೂ ತೊಂದ್ರೆ ಕೊಡ್ಲಿಲ್ಲ ನೋಡಿ. ಬೇಸಿಗೇಲಿ ಸ್ವಲ್ಪ ಅಂಚಿಗೆ ಬರ್ತಿತ್ತು, ಪಾಸ್ ಆಗ್ತಿತ್ತು. ಇಲ್ಲಿ ಹವಾನೇ ಅರ್ಧ ಕೆಲಸ ಮಾಡ್ಬಿಡುತ್ತೆ. ನಮ್ಗೆ ಅದು ಗೊತ್ತೇ ಆಗಲ್ಲ."

ಪುಟ್ಟಸ್ವಾಮಯ್ಯ ನಿಧಾನವಾಗಿ ಹೇಳಿದರು: "ಅಂದ್ರೆ ಇಷ್ಟ್ ವರ್ಷ ನನ್ ಶೆಡ್ಡಾಗೆ ಸಂಬ್ಳ ಇಲ್ದಲೆ ಗಾಳಿ ಗೇಯ್ತಿತ್ತು ಅನ್ನಿ."

ಬೆಂಗಳೂರಿಗೆ ಕಾರ್ಖಾನೆಗಳು ಬಂದದ್ದಕ್ಕೆ ಹವೆಯೂ ಒಂದು ಕಾರಣ ಎಂದು ನಾನೇ ಎಷ್ಟೋ ಸಲ ಬರೆದಿದ್ದೆ. ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ ಇಲ್ಲಿ ಹಿತವಾಗುತ್ತಿತ್ತು ಎಂಬ ಅರ್ಥದಲ್ಲಿ. ಅದು ಯಂತ್ರದ ಪಕ್ಕ ನಿಂತು ದುಡಿಯುತ್ತಿತ್ತು ಎಂಬುದು ನನಗೆ ತಿಳಿದಿರಲಿಲ್ಲ. ಜಿಲ್ಲೆಗಳ ಅಂತರವನ್ನು ಅಳೆಯುವವರು ರಸ್ತೆ, ಶಾಲೆ, ಬ್ಯಾಂಕು, ಆಸ್ಪತ್ರೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಟೀ ಕುಡಿಯುವಷ್ಟರಲ್ಲಿ ಲೋಹ ತಣಿಯುವ ಸೌಕರ್ಯವನ್ನು ಯಾವ ಸಮಿತಿಯೂ ಹಿಡಿದದ್ದನ್ನು ನಾನು ಕಂಡಿಲ್ಲ.

ಆದರೆ ಕಾರಣ ಸಿಕ್ಕಿತೆಂದು ಮಾಲು ಪಾಸಾಗುವುದಿಲ್ಲ. ಎ.ಸಿ. ಕೋಣೆ ಮಾಡಿಕೊಳ್ಳಿ ಎಂದರೆ, ಕರೆಂಟು ಹೋದಾಗ ಅದೂ ಹೋಗುತ್ತದೆ ಎಂದ ಶರಣಪ್ಪ. ಬೇಸಿಗೆಯಲ್ಲಿ ಕೆಲಸ ನಿಲ್ಲಿಸಿದರೆ ಕಂಪನಿ ಕಾಯುವುದಿಲ್ಲ. ಪುಟ್ಟಸ್ವಾಮಯ್ಯ ಮಗನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದರು ಎಂದು ನನಗನಿಸಿತು. ಅದು ನನ್ನ ಊಹೆ.

ಅನ್ನಪೂರ್ಣ ಎದ್ದು ಬೀರುವಿನಿಂದ ಒಂದು ಬುಷ್ ತಂದರು. ಅವರ ಕೋಣೆಯಲ್ಲೇ ಅಳೆದು, ಅತ್ಯಂತ ಸರಿಯಿದೆ ಎಂದು ಗುರುತು ಹಾಕಿಟ್ಟದ್ದು.

"ಇದನ್ನ ತಗೊಂಡು ಹೋಗಿ. ಡಬ್ಬೀಲಿ ಜೋಪಾನ ಮಾಡ್ಬೇಡಿ, ಮೆಷಿನ್ ಪಕ್ಕದಲ್ಲೇ ಇಡಿ. ನಿಮ್ಮ ಬಿಸಿಲಲ್ಲಿ ಇದೂ ಬೇಯ್ಲಿ. ನಿಮ್ಮ ಪೀಸ್ ತಣ್ಣಗಾಗೋದು ಬೇಡ, ಇದರಷ್ಟೇ ಬಿಸಿಗೆ ಬಂದ್ರೆ ಸಾಕು. ಆಮೇಲೆ ನಂಬರ್ ನೋಡ್ಬೇಡಿ. ಇದಕ್ಕೆ ಸಮ ಇದೆಯಾ, ಅಷ್ಟೇ ನೋಡಿ. ಎರಡೂ ಒಂದೇ ಅಲ್ಯೂಮಿನಿಯಂ. ಒಟ್ಟಿಗೆ ಹಿಗ್ಗುತ್ವೆ, ಇಲ್ಲಿ ಬಂದ್ಮೇಲೆ ಒಟ್ಟಿಗೇ ಕುಗ್ಗುತ್ವೆ."

ಶರಣಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಊರಿಗೆ ಒಯ್ದು ಇದನ್ನ ಬಿಸಿಲಿಗೆ ಹಾಕ್ಬೇಕೇನ್ರಿ?" ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡ. ಅನ್ನಪೂರ್ಣ ತಮ್ಮ ಮೇಲಿನವರಿಗೆ ಫೋನು ಮಾಡಿ ಇನ್ನೊಂದು ಲಾಟಿಗೆ ಅನುಮತಿ ಪಡೆದರು. ಒಂದೇ ಒಂದಕ್ಕೆ, ಮೇ ತಿಂಗಳೊಳಗೆ.

ಹೊರಡುವ ಮೊದಲು ಶರಣಪ್ಪ ರಾಜಗೋಪಾಲನಗರದ ಮನೆಗೆ ಹೋದ, ಜೊತೆಗೆ ನಾನೂ ಇದ್ದೆ. ಬಾಗಿಲಲ್ಲೇ ಮಹಾದೇವಿ ಕೇಳಿದರು: "ಏನಂದ್ರು?"

"ಇನ್ನೊಂದು ಸರ್ತಿ ಅಂದಾರ."

"ಮತ್ತ ಅದೂ ವಾಪಸ್ ಬಂದ್ರ?"

"ಮೆಷಿನ್ ಮಾರ್ತಾರ. ನಾ ಇಲ್ಲಿಗೇ ಬರ್ತೀನಿ."

"ಬಂದ್ರ ಬಾ. ಊಟ ಮಾಡಿ ಹೋಗು." ಗಂಡನ ಕೈಯಲ್ಲಿದ್ದ ಬುಷ್ ಇಸಿದುಕೊಂಡು ತಿರುಗಿಸಿ ನೋಡಿದರು. "ಇಷ್ಟs ಇಷ್ಟು ಐತಿ. ಇದಕ್ಕ ಎರಡು ಊರು ಕೂಡಿಸಿ ಇಟ್ಟೀರಿ ನೀವು." ಮಗಳು ನಕ್ಕಳು. ಅವರು ನಗಲಿಲ್ಲ.

ಮೇ ತಿಂಗಳಲ್ಲಿ ನಾನು ಲಿಂಗಸುಗೂರಿಗೆ ಹೋದೆ. ಪತ್ರಿಕೆಯಲ್ಲಿ ನನ್ನ ಕೊನೆಯ ಪ್ರವಾಸ ಅದು. ಮಧ್ಯಾಹ್ನದ ಶೆಡ್ಡಿನಲ್ಲಿ ಉಸಿರು ಬಾಯಿ ಒಣಗಿಸುತ್ತಿತ್ತು. ಐಟಿಐ ಮುಗಿಸಿದ ಇಬ್ಬರು ಯುವಕರು ಯಂತ್ರದ ಮುಂದಿದ್ದರು. ಅನ್ನಪೂರ್ಣ ಕೊಟ್ಟ ಬುಷ್ ತಟ್ಟೆಯ ಮಧ್ಯೆ ಇತ್ತು, ಸುತ್ತ ಹೊಸವು. ಮುಟ್ಟಿದೆ. ಎಲ್ಲವೂ ಒಂದೇ ಥರ ಬೆಚ್ಚಗಿದ್ದವು. ಕಣ್ಣಿಗಾಗಲಿ ಕೈಗಾಗಲಿ ಯಾವುದು ಬೆಂಗಳೂರಿನಿಂದ ಬಂದದ್ದು, ಯಾವುದು ಅಲ್ಲೇ ಹುಟ್ಟಿದ್ದು ಎಂದು ತಿಳಿಯುತ್ತಿರಲಿಲ್ಲ. ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಶರಣಪ್ಪ, "ಒಂದು ಕಡೀಗೆ ಸರೀರಿ ಮೇಡಂ, ನೀವ್ ನಿಂತ್ರ ನೆಳ್ಳಾಗ್ತದ, ತಣ್ಣಗಾಗ್ತಾವು" ಎಂದ. ಯುವಕರು ಬಿದ್ದು ಬಿದ್ದು ನಕ್ಕರು.

ಮಾಲು ಮೇ ತಿಂಗಳ ಕೊನೆಯ ವಾರದಲ್ಲಿ ದೊಡ್ಡನೆಕ್ಕುಂದಿ ತಲುಪಿತು. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಒಂದು ದಿನ ಇಟ್ಟು ಅಳೆದರು. ಪಾಸಾಯಿತು. ಪುಟ್ಟಸ್ವಾಮಯ್ಯನವರ ಪೀಣ್ಯದ ಶೆಡ್ ಆ ವರ್ಷವೇ ಗೋದಾಮಾಯಿತು. ಉಳಿದ ಯಂತ್ರಗಳಲ್ಲಿ ಇನ್ನೊಂದು ಲಿಂಗಸುಗೂರಿನ ಲಾರಿ ಹತ್ತಿತು, ಅದೂ ವಾರಕ್ಕೆ. ಮಾಲು ಪಾಸಾದ ಬೆನ್ನಲ್ಲೇ, ಜೂನ್ ಮೊದಲ ವಾರ, ಮಹಾದೇವಿ ರಾಜಗೋಪಾಲನಗರದ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿದರು. ಮಗಳು ಈಗ ಲಿಂಗಸುಗೂರಿನ ಶಾಲೆಯಲ್ಲಿ ಓದುತ್ತಿದ್ದಾಳೆ.